ಎಂಟನೇ ಬ್ರೌನಿನಲ್ಲಿ ಹಗ್ಗ ಹಿಡಿದವಳು

ಕಳೆದ ವಾರ ಶಿವಮೊಗ್ಗದ ವಿನೋಬನಗರದ ಗ್ಯಾರೇಜೊಂದರಲ್ಲಿ ಸ್ಕೂಟರಿನ ಎಂಜಿನ್ ಆಯಿಲ್ ಬದಲಿಸಲು ಕೊಟ್ಟು ಹಳೆಯ ಟೈರೊಂದರ ಮೇಲೆ ಕೂತಿದ್ದೆ. ಮೆಕ್ಯಾನಿಕ್ ಮುಜೀಬಣ್ಣ ಕೆಳಗೊಂದು ತಟ್ಟೆಯಿಟ್ಟು ತಿರುಪು ಬಿಚ್ಚಿದ. ಸುಟ್ಟೆಣ್ಣೆ ಕಪ್ಪು ಎಳೆಯಾಗಿ ಇಳಿಯತೊಡಗಿತು. ಆ ವಾಸನೆ ಮೂಗಿಗೆ ಬಂದದ್ದೇ ತಡ, ನನಗೆ ಹೊಟ್ಟೆಕಿಚ್ಚು ಶುರುವಾಯಿತು. ಬೇರೆಯವರಿಗೆ ವಾಸನೆಗಳಿಂದ ಅಜ್ಜಿಯ ಅಡುಗೆಮನೆಯೋ ಶಾಲೆಯ ಹೊಸ ಪುಸ್ತಕವೋ ನೆನಪಾಗುತ್ತದಂತೆ. ನನಗೆ ಸುಟ್ಟೆಣ್ಣೆಯಿಂದ ಸೆಲ್ವಿ ನೆನಪಾಗುತ್ತಾಳೆ.

"ಡಬ್ಬ ತಂದಿದೀರಾ ಮೇಡಂ? ಅಪ್ಪಾಜಿಗೆ ಎಣ್ಣೆ ಬೇಕಲ್ಲ" ಅಂದ ಮುಜೀಬಣ್ಣ. ಎರಡು ವರ್ಷದಿಂದ ಪ್ರತಿ ಸಲವೂ ಕೇಳುತ್ತಾನೆ, ಪ್ರತಿ ಸಲವೂ ಮರೆತೆ ಅನ್ನುತ್ತೇನೆ. ಲಾ ಕಾಲೇಜಿಗೆ ಸೇರಿ ಇಲ್ಲೇ ರೂಮು ಮಾಡಿಕೊಂಡ ಮೇಲೆ ಮರೆಯುವುದು ಸುಲಭವಾಗಿತ್ತು. ಈ ಸಲ ಯಾಕೋ, ನಿಮ್ಮಲ್ಲೇ ಒಂದು ಡಬ್ಬ ಇದ್ದರೆ ಕೊಡಿ ಅಂದುಬಿಟ್ಟೆ.

ನನ್ನಪ್ಪ ಹಾಲೇಶಪ್ಪ ಭದ್ರಾವತಿಯ ಕಾರ್ಖಾನೆಯಲ್ಲಿ ಕೆಲಸಕ್ಕಿದ್ದವರು. ಪಾಳಿ ಮುಗಿದ ಮೇಲೆ ಅವರಿಗೆ ಇನ್ನೊಂದು ಕೆಲಸವಿತ್ತು, ನಿವೃತ್ತಿಯ ನಂತರ ಅದೊಂದೇ ಉಳಿಯಿತು. ಕಾಲೊನಿಯ ಆಚೆ ಹಿಂದಿನ ಕಾಲದ ಆಫೀಸರುಗಳು ಮಾಡಿಸಿದ ಒಂಬತ್ತು ಗುಳಿಗಳ ಗಾಲ್ಫ್ ಮೈದಾನವನ್ನು ನೋಡಿಕೊಳ್ಳುವುದು. ಟೀವಿಯಲ್ಲಿ ಕಾಣುವ ರೇಷ್ಮೆಯಂಥ ಹಸಿರನ್ನು ನೆನೆಸಿಕೊಂಡು ಬಂದರೆ ನೀವು ನಗುತ್ತೀರಿ. ಸಂಕ್ರಾಂತಿ ಕಳೆಯಿತೆಂದರೆ ಅಲ್ಲಿನ ಹುಲ್ಲನ್ನು ದನವೂ ಮೂಸುವುದಿಲ್ಲ. ಗುಳಿಯ ಸುತ್ತ ಹುಲ್ಲೇ ಇಲ್ಲ, ಮರಳಿನ ವೃತ್ತ. ಹೊಳೆಮರಳನ್ನು ಜರಡಿ ಹಿಡಿದು ಸುಟ್ಟೆಣ್ಣೆ ಕಲಸಿ ಹರಡುತ್ತಾರೆ. ಆಗ ಅದು ಗಾಳಿಗೆ ಹಾರುವುದಿಲ್ಲ, ಮಳೆಗೆ ಕೊಚ್ಚಿಹೋಗುವುದಿಲ್ಲ. ಬೇರೆ ಕಡೆ ಗ್ರೀನ್ ಅನ್ನುವ ಜಾಗಕ್ಕೆ ನಮ್ಮಲ್ಲಿ ಬ್ರೌನ್ ಅನ್ನುತ್ತಾರೆ. ಆ ಎಣ್ಣೆಯನ್ನು ಶಿವಮೊಗ್ಗದ ಗ್ಯಾರೇಜುಗಳಿಂದ ಡಬ್ಬದಲ್ಲಿ ತುಂಬಿಸಿಕೊಂಡು ಬಸ್ಸಿನಲ್ಲಿ ಹೊತ್ತು ತರುವುದು, ದಿನಾ ಕಾಲೇಜಿಗೆ ಓಡಾಡುತ್ತಿದ್ದ ನನ್ನ ಪಾಲಿನ ಕೆಲಸ. ಚರ್ಚಾಸ್ಪರ್ಧೆಗೆಂದು ಇಸ್ತ್ರಿ ಮಾಡಿಕೊಂಡ ಚೂಡಿದಾರಕ್ಕೂ ಆ ವಾಸನೆ ಅಂಟಿರುತ್ತಿತ್ತು.

ಬ್ರೌನಿಗೆ ಒಂದು ಗುಣವಿದೆ. ಕಾಲಿಟ್ಟಲ್ಲಿ ಹೆಜ್ಜೆ, ಚೆಂಡು ನಿಂತಲ್ಲಿ ತಗ್ಗು. ಎಣ್ಣೆಮರಳು ಯಾವುದನ್ನೂ ಮರೆಯುವುದಿಲ್ಲ. ಅಷ್ಟಗಲದ ವೃತ್ತವನ್ನು ಪ್ರತಿ ಆಟಗಾರನಿಗೂ ನಯ ಮಾಡಿಕೊಡುವುದು ಆಗದ ಮಾತು. ಅದಕ್ಕೊಂದು ಪದ್ಧತಿ ಮಾಡಿಕೊಂಡಿದ್ದಾರೆ. ಅಡಿಕೆ ಅಂಗಳದಲ್ಲಿ ಗೋರುವ ಹಲಗೆಯಂಥದ್ದನ್ನು ಅಪ್ಪ ಅಂಚಿನಿಂದ ಗುಳಿಯವರೆಗೆ ಎಳೆದು ಒಂದೇ ಒಂದು ನಯವಾದ ದಾರಿ ಮಾಡುತ್ತಾರೆ. ಗುಳಿಯಲ್ಲಿ ನಿಲ್ಲಿಸಿದ ಕಂಬಕ್ಕೆ ಹಗ್ಗ ಕಟ್ಟಿರುತ್ತದೆ. ನಿಮ್ಮ ಚೆಂಡು ಬ್ರೌನಿನ ಮೇಲೆ ಎಲ್ಲೇ ಇರಲಿ, ಹಗ್ಗದವನು ಹಗ್ಗವನ್ನು ಅಲ್ಲಿಯವರೆಗೆ ಬಿಗಿಯಾಗಿ ಎಳೆದು, ಚೆಂಡಿರುವ ಜಾಗಕ್ಕೆ ಸರಿಯಾಗಿ ಎರಡು ಬೆರಳಲ್ಲಿ ಹಿಡಿದು, ಹಾಗೇ ಸುತ್ತಿಬಂದು ದಾರಿಯ ಮೇಲೆ ಅಷ್ಟೇ ದೂರವನ್ನು ತೋರಿಸುತ್ತಾನೆ. ನೀವು ಅವನ ಬೆರಳಿನ ಕೆಳಗೆ ಚೆಂಡಿಟ್ಟು ಹೊಡೆಯಬೇಕು. ದೂರ ಅವರವರದ್ದು, ದಾರಿ ಎಲ್ಲರದ್ದು. ನ್ಯಾಯ ನಿಂತಿರುವುದು ಎರಡು ಬೆರಳಿನ ಮೇಲೆ.

ನನಗೆ ಹತ್ತು ವರ್ಷವಾದಾಗ ಅಪ್ಪ ಒಂದು ಮೋಟು ಸ್ಟಿಕ್ಕು ಕೊಟ್ಟು ಆಟ ಕಲಿಸಲು ನೋಡಿದರು. ಇದರಲ್ಲಿ ಅಂಪೈರ್ ಇಲ್ಲ, ತಪ್ಪಾದರೆ ಆಡಿದವರೇ ಹೇಳಿ ದಂಡದ ಹೊಡೆತ ತಮ್ಮ ಲೆಕ್ಕದ ಕಾರ್ಡಿಗೆ ಬರೆಸಿಕೊಳ್ಳಬೇಕು ಅಂದರು. ಯಾರೂ ನೋಡದೇ ಇದ್ದಾಗ ಚೆಂಡು ಸರಿಸಿದರೆ ಏನಾಗುತ್ತೆ ಅಂತ ಕೇಳಿದೆ. ಅಪ್ಪ, "ಏನೂ ಆಗಲ್ಲ" ಅಂದರು.

ದೇವರು ನೋಡುತ್ತಾನೆ ಅಂದಿದ್ದರೆ ವಾದ ಮಾಡಬಹುದಿತ್ತು. ಸಿಕ್ಕಿಬೀಳುತ್ತೀ ಅಂದಿದ್ದರೆ ಸಿಕ್ಕಿಬೀಳದ ಉಪಾಯ ಹುಡುಕಬಹುದಿತ್ತು. ಏನೂ ಆಗಲ್ಲ ಅನ್ನುವವರ ಜೊತೆ ಏನು ಮಾಡುವುದು? ನಾಲ್ಕೇ ದಿನಕ್ಕೆ ಸ್ಟಿಕ್ಕು ಮೂಲೆ ಸೇರಿತು. ಅದನ್ನು ಎತ್ತಿಕೊಂಡವಳು ಎದುರು ಸಾಲಿನ ಕ್ವಾರ್ಟರ್ಸಿನ ಸೆಲ್ವಿ. ಅವಳಪ್ಪ ಫರ್ನೇಸಿನಲ್ಲಿದ್ದವರು, ಮನೆಯಲ್ಲಿ ತಮಿಳು, ಬೀದಿಯಲ್ಲಿ ನಮ್ಮ ಕನ್ನಡ. ಹತ್ತನೇ ಕ್ಲಾಸಿನವರೆಗೆ ಒಂದೇ ಬೆಂಚು. ಮಾರ್ಕ್ಸಿನಲ್ಲಿ ಅವಳು ಒಂದು ಸಲವೂ ನನ್ನನ್ನು ದಾಟಲಿಲ್ಲ. ಆದರೆ ಸಂಜೆ ಐದಾದರೆ ನಮ್ಮ ಗೇಟಿನಲ್ಲಿ "ಮಾಮಾ" ಅಂತ ಕೂಗುವಳು, ಅಪ್ಪ ಕುಡಿಯುತ್ತಿದ್ದ ಟೀ ಅರ್ಧಕ್ಕೇ ಬಿಟ್ಟು ಏಳುವರು. ಆ ಅರ್ಧ ಲೋಟವನ್ನು ಹತ್ತು ವರ್ಷ ನಾನೇ ತೊಳೆದಿದ್ದೇನೆ.

ನಾನು ಹೇಳಹೊರಟಿರುವುದು ಶಿವಮೊಗ್ಗದ ಪಕ್ಕದ ಸೋಗಾನೆಯಲ್ಲಿ ವಿಮಾನ ಇಳಿಯತೊಡಗಿದ ಮರುವರ್ಷದ ಬೇಸಿಗೆಯ ಮಾತು. ನಾನು ಆಗ ಡಿಗ್ರಿಯ ಕೊನೆಯ ವರ್ಷ. ಫೆಬ್ರವರಿಯಲ್ಲೇ ಬಿಸಿಲು ಹೆಂಚು ಕಾಸಿದಂತೆ ಕಾಸುತ್ತಿತ್ತು, ಬಸ್ಸಿನ ಕಬ್ಬಿಣದ ಸರಳು ಮುಟ್ಟಲಾಗುತ್ತಿರಲಿಲ್ಲ. ಶಿವಮೊಗ್ಗದಲ್ಲೊಂದು ದೊಡ್ಡ ಚರ್ಚಾಸ್ಪರ್ಧೆ. ವಿಷಯ: ಕ್ರೀಡಾಪಟುವನ್ನು ಚಿರಸ್ಥಾಯಿಯಾಗಿಸುವುದು ಗೆಲುವೊಂದೇ. ನಾನು ವಿಷಯದ ಪರ. ಉದಾಹರಣೆಗೆ ಎಲ್ಲರೂ ಕ್ರಿಕೆಟ್ಟಿಗೆ ಓಡುತ್ತಾರೆ, ನಾನು ಗಾಲ್ಫ್ ತೆಗೆದುಕೊಂಡೆ. ಅದರಲ್ಲೂ ನಮ್ಮ ಕಾಲೊನಿಯ ಚಿನ್ನಪ್ಪನನ್ನು.

ಚಿನ್ನಪ್ಪ ನಾನು ಹುಟ್ಟುವ ಮೊದಲೇ ತೀರಿಕೊಂಡವನು. ಅಚ್ಚು ಹಾಕುವ ವಿಭಾಗದಲ್ಲಿದ್ದ ಸಾಮಾನ್ಯ ಕೆಲಸಗಾರ. ಆದರೂ ಭದ್ರಾವತಿಯ ಆ ಕಾಲೊನಿಯಲ್ಲಿ ಇವತ್ತಿಗೂ ಗಾಲ್ಫ್ ಅಂದರೆ ಚಿನ್ನಪ್ಪ. ಕ್ಲಬ್ಬಿನ ಗೋಡೆಗೆ ಗೆದ್ದವರ ಹೆಸರು ಬರೆದ ಮರದ ಹಲಗೆಯಿದೆ. ಹೋಗಿ ಎಣಿಸಿದೆ. ಬೇರೆ ಬೇರೆ ಆಫೀಸರುಗಳ ಹೆಸರು ನಾಲ್ಕು ಸಲ, ಆರು ಸಲ ಇದೆ. ಚಿನ್ನಪ್ಪನದು ಒಂದೇ ಸಲ. ಹಳಬರನ್ನು ಕೇಳಿದೆ. ಅವನು ಯಾವ ವರ್ಷ ಗೆದ್ದ, ಎಷ್ಟು ಹೊಡೆತಕ್ಕೆ ಗೆದ್ದ ಅಂತ ಒಬ್ಬರಿಗೂ ಗೊತ್ತಿಲ್ಲ. ಎಲ್ಲರೂ ಒಂದೇ ಮಾತು ಹೇಳಿದರು: ಆಟ ಮುಗಿಸಿ ಹೋಗುವಾಗ ಅವನೇ ಮರಳು ಗೋರುವ ಹಲಗೆ ತೆಗೆದುಕೊಂಡು ಇಡೀ ಬ್ರೌನು ಎಳೆದು ಹೋಗುತ್ತಿದ್ದ, ಬರೀ ತನ್ನ ಹೆಜ್ಜೆಯಲ್ಲ, ಮುಂದೆ ಹೋದವರ ಹೆಜ್ಜೆಯನ್ನೂ. ಅದಕ್ಕೆಂದೇ ಆಳುಗಳಿದ್ದರೂ. ಹಿಂದೆ ಬಂದವರಿಗೆ ಅಲ್ಲಿ ಯಾರೂ ಆಡೇ ಇಲ್ಲ ಅನ್ನಿಸಬೇಕು ಅನ್ನುತ್ತಿದ್ದನಂತೆ.

ಇಷ್ಟೇನಾ, ಅಂದುಕೊಂಡೆ. ನೆಲ ಗುಡಿಸಿದ್ದಕ್ಕೆ ದಂತಕಥೆಯಾಗುವುದಾದರೆ ನಮ್ಮಮ್ಮನಿಗೆ ಇಷ್ಟು ಹೊತ್ತಿಗೆ ಪ್ರತಿಮೆ ನಿಲ್ಲಬೇಕಿತ್ತು. ವೇದಿಕೆಯ ಮೇಲೆ ಅದನ್ನೇ ಹೇಳಿದೆ. ಗಾಲ್ಫಿನಲ್ಲಿ ಹೊಡೆದವನಿಗೇ ಚೆಂಡು ಎಲ್ಲಿ ಬಿತ್ತೆಂದು ಕಾಣುವುದಿಲ್ಲ, ನೋಡುವವರಿಗೆ ಏನು ಕಾಣುತ್ತದೆ. ಅಲ್ಲಿ ಉಳಿಯುವುದು ಗೆದ್ದ ಕಪ್ಪು ಮತ್ತು ಜಾಹೀರಾತು. ಕಪ್ಪಿಲ್ಲದವನ ನೆನಪು ಅವನ ಬೀದಿ ದಾಟುವುದಿಲ್ಲ, ಬೀದಿಯೊಳಗಿನ ನೆನಪಿಗೆ ನಾವು ಇಡುವ ಹೆಸರು ಪ್ರೀತಿ, ಕೀರ್ತಿಯಲ್ಲ. ಜನ ತುಂಬಾ ಹೊತ್ತು ಚಪ್ಪಾಳೆ ತಟ್ಟಿದರು. ಮೊದಲ ಬಹುಮಾನ. ನನ್ನ ಮೊಣಕೈ ಎತ್ತರದ ಟ್ರೋಫಿ.

ಬಸ್ಸಿನಲ್ಲಿ ಅದನ್ನು ತೊಡೆಯ ಮೇಲಿಟ್ಟುಕೊಂಡು ಬಂದೆ. ಅಪ್ಪ ಎರಡು ಕೈಯಲ್ಲಿ ತೆಗೆದುಕೊಂಡು ತಿರುಗಿಸಿ ನೋಡಿದರು. ಯಾವ ವಿಷಯ ಅಂತ ಕೇಳಲಿಲ್ಲ, ಕೇಳದಿದ್ದದ್ದು ಒಳ್ಳೆಯದೇ ಆಯಿತು. ಎರಡು ದಿನ ಬಿಟ್ಟು ನೋಡಿದರೆ ಟ್ರೋಫಿ ಕ್ಲಬ್ಬಿನ ಹಿಂದಿನ ಶೆಡ್ಡಿನಲ್ಲಿದೆ. ಚೆಂಡು ಇಟ್ಟು ಹೊಡೆಯಲು ನೆಲಕ್ಕೆ ಚುಚ್ಚುವ ಮರದ ಕಡ್ಡಿಗಳನ್ನು ಅದರ ತುಂಬ ಹಾಕಿಟ್ಟಿದ್ದಾರೆ. ನಾನು ಏನೋ ಅನ್ನುವ ಮೊದಲೇ ಅಪ್ಪ, "ಚೆನ್ನಾಗಿದೆ ಕಣೆ ಇದು. ಸೆಲ್ವಿಗೆ ಹುಡ್ಕೋದು ತಪ್ತು" ಅಂದರು. ಅವರು ನಿಜವಾಗಿಯೂ ಹೊಗಳುತ್ತಿದ್ದರು. ಅದೇ ನನಗೆ ಹೆಚ್ಚು ಉರಿದದ್ದು.

ಕ್ಲಬ್ಬಿನ ವಾರ್ಷಿಕ ಕಪ್ಪಿನ ಪಂದ್ಯ ಏಪ್ರಿಲ್ ಕೊನೆಗೆ. ಹೆಂಗಸರಿಗೆ ಬೇರೆ ಕಪ್ಪು ಇಡುವಷ್ಟು ಆಟಗಾರ್ತಿಯರು ಇಲ್ಲವಾದ್ದರಿಂದ ಸೆಲ್ವಿ ಎಲ್ಲರ ಜೊತೆಗೇ ಆಡುತ್ತಿದ್ದಳು. ಆ ವರ್ಷ ಗೆದ್ದವರಿಗೆ ಹಲಗೆಯ ಮೇಲೆ ಹೆಸರಷ್ಟೇ ಅಲ್ಲ, ಬೆಂಗಳೂರಿನಲ್ಲಿ ಒಂದು ತಿಂಗಳ ತರಬೇತಿಯೂ ಉಂಟು ಅಂತ ಸೆಕ್ರೆಟರಿ ಶ್ರೀಪಾದರಾಯರು ಹೇಳಿದ್ದರು. ಸೆಲ್ವಿ ಅದುವರೆಗೆ ಹುಲ್ಲಿನ ಗ್ರೀನ್ ಮೇಲೆ ಕಾಲೇ ಇಟ್ಟಿರಲಿಲ್ಲ. ಹುಲ್ಲಿನ ಮೇಲೆ ಚೆಂಡು ಹೇಗೆ ಓಡುತ್ತದೆ ಮಾಮ, ಅಂತ ಆ ಎರಡು ತಿಂಗಳಲ್ಲಿ ನಮ್ಮ ಜಗುಲಿಯಲ್ಲಿ ಕೂತು ಎಷ್ಟು ಸಲ ಕೇಳಿದಳೋ. ಅಪ್ಪನೂ ನೋಡಿದವರಲ್ಲ. ಆದರೂ ವಿವರಿಸುವರು. ಒಳಗಿನಿಂದ ಕೇಳುತ್ತಿದ್ದ ನನಗೆ, ಈ ಮನುಷ್ಯ ನನ್ನ ಜೊತೆ ಇಷ್ಟು ಉದ್ದ ಮಾತಾಡಿದ್ದು ಯಾವತ್ತು ಅಂತ ಲೆಕ್ಕ ಹಾಕುವ ಚಟ.

ಕಪ್ಪಿನ ಹಿಂದಿನ ದಿನ ಹಗ್ಗ ಹಿಡಿಯುವ ಮುದುಕನಿಗೆ ಜ್ವರ ಬಂತು. ರಾಯರು ನನ್ನನ್ನು ಕರೆದು, ಕೊನೆಯ ಜೋಡಿಗೆ ನೀನೇ ಹಗ್ಗ ಹಿಡಿ, ಕಾರ್ಡೂ ನೀನೇ ಬರಿ, ನಿನ್ನ ಅಕ್ಷರ ದುಂಡಗಿದೆ ಅಂದರು. ಆ ಜೋಡಿಯಲ್ಲಿದ್ದ ಸೆಲ್ವಿಯ ಆಟ ಹತ್ತಿರದಿಂದ ನೋಡಿ, ಎಲ್ಲಾದರೂ ಒಂದು ಕಡೆ ಮೋಸ ಮಾಡಿಯೇ ಮಾಡುತ್ತಾಳೆ, ಹಿಡಿಯುತ್ತೇನೆ ಅನ್ನುವ ಆಸೆಯಿಂದಲೇ ಒಪ್ಪಿದೆ. ಅಂಪೈರ್ ಇಲ್ಲದ ಆಟ ಅನ್ನುವುದೇ ಬೂಟಾಟಿಕೆ ಅಂತ ನನ್ನ ವಾದ; ಸಾಕ್ಷಿ ಬೇಕಿತ್ತು.

ಆ ಭಾನುವಾರ ಮೋಡವಿತ್ತು. ಎರಡು ದಿನದ ಹಿಂದೆ ಬಂದ ಮಳೆಯಲ್ಲಿ ಮಣ್ಣು ಮೆತ್ತಗಾಗಿ, ಬ್ರೌನುಗಳು ಹೊಸದಾಗಿ ಎಣ್ಣೆ ಕುಡಿದು ಹೊಳೆಯುತ್ತಿದ್ದವು. ಒಂಬತ್ತು ಗುಳಿ, ಎರಡು ಸುತ್ತು, ಕಮ್ಮಿ ಹೊಡೆತದಲ್ಲಿ ಮುಗಿಸಿದವರಿಗೆ ಕಪ್ಪು. ಸೆಲ್ವಿಯ ಜೋಡಿ ಶಿವಮೊಗ್ಗದಿಂದ ಕಾರಿನಲ್ಲಿ ಬಂದ ಒಬ್ಬ ಹಲ್ಲಿನ ಡಾಕ್ಟರು. ಕೈಗೆ ಬಿಳಿ ಗ್ಲೌಸು, ನಡೆಯುವಾಗಲೂ ತೆಗೆಯುತ್ತಿರಲಿಲ್ಲ. ಮಾತು ಕಮ್ಮಿ, ಆಟ ಚೆನ್ನಾಗಿತ್ತು. ಎರಡನೇ ಸುತ್ತಿನ ಎಂಟನೇ ಗುಳಿಗೆ ಬರುವ ಹೊತ್ತಿಗೆ ಸೆಲ್ವಿ ಅವರಿಗಿಂತ ಒಂದು ಹೊಡೆತ ಮುಂದಿದ್ದಳು. ಉಳಿದವರು ಯಾರೂ ಲೆಕ್ಕದಲ್ಲಿರಲಿಲ್ಲ. ಅಷ್ಟು ಹೊತ್ತೂ ಕಣ್ಣಿಟ್ಟು ನೋಡಿದ್ದೆ, ಒಂದೂ ತಪ್ಪು ಸಿಕ್ಕಿರಲಿಲ್ಲ.

ಎಂಟನೇ ಬ್ರೌನಿನಲ್ಲಿ ಡಾಕ್ಟರು ಆಡಿ ಮುಗಿಸಿದರು. ಸೆಲ್ವಿಯ ಚೆಂಡು ಗುಳಿಯಿಂದ ನಾಲ್ಕು ಮೊಳ ದೂರದಲ್ಲಿತ್ತು. ನಾನು ಹಗ್ಗ ಎಳೆದು, ಬೆರಳಲ್ಲಿ ಹಿಡಿದೆ. ಅವಳು ಚೆಂಡೆತ್ತಿ ಒರೆಸಿಕೊಂಡಳು. ಹಗ್ಗ ಸುತ್ತಿಸಿ ದಾರಿಯ ಮೇಲೆ ತರುವಾಗ ಅಪ್ಪನ ಕಡೆ ನೋಡಿದೆ. ದಾರಿ ಎಳೆದು ಮುಗಿಸಿ, ಹಲಗೆಯ ಹಿಡಿಯನ್ನು ಎದೆಗೆ ಆನಿಸಿಕೊಂಡು, ಅಪ್ಪ ಕಣ್ಣು ಮುಚ್ಚಿ ನಿಂತಿದ್ದರು. ತುಟಿ ಅಲ್ಲಾಡುತ್ತಿತ್ತು. ದೇವಸ್ಥಾನದಲ್ಲೂ ಚಪ್ಪಲಿ ಕಾಯುತ್ತೇನೆಂದು ಹೊರಗೆ ನಿಲ್ಲುವ ಮನುಷ್ಯ. ನನ್ನ ಒಂದೇ ಒಂದು ಸ್ಪರ್ಧೆಗೂ ಬಾರದ ಮನುಷ್ಯ.

ಅಷ್ಟರಲ್ಲಿ ಸೋಗಾನೆಗೆ ಇಳಿಯುವ ವಿಮಾನ ತಲೆಯ ಮೇಲೆ ಹಾದುಹೋಯಿತು. ಆಗಿನ್ನೂ ನಮ್ಮ ಊರಿನಲ್ಲಿ ವಿಮಾನದ ಸದ್ದಾದರೆ ಕೈಯಲ್ಲಿದ್ದ ಕೆಲಸ ಬಿಟ್ಟು ಎಲ್ಲರೂ ಮೇಲೆ ನೋಡುತ್ತಿದ್ದರು. ರಾಯರು ನೋಡಿದರು, ಡಾಕ್ಟರು ನೋಡಿದರು, ಸುತ್ತ ನಿಂತ ಹದಿನೈದಿಪ್ಪತ್ತು ಜನ ನೋಡಿದರು, ಸೆಲ್ವಿಯೂ ಚೆಂಡು ಹಿಡಿದ ಕೈಯನ್ನೇ ಹಣೆಗೆ ಅಡ್ಡ ಹಿಡಿದು ನೋಡಿದಳು. ನನ್ನ ಬೆರಳು ಹಗ್ಗದ ಮೇಲೆ ಹಿಂದಕ್ಕೆ ಜಾರಿತು. ಜಾರಿತು ಅನ್ನುವುದು ತಪ್ಪು. ಜಾರಿಸಿದೆ. ಒಂದೂವರೆ ಮೊಳ.

ವಿಮಾನ ಹೋಯಿತು. ಸೆಲ್ವಿ ನನ್ನ ಬೆರಳಿನ ಕೆಳಗೆ ಚೆಂಡಿಟ್ಟಳು. ನಾನು ಹಗ್ಗ ಬಿಟ್ಟು ಕಂಬ ತೆಗೆದೆ. ಅವಳು ದಾರಿ ನೋಡಿದಳು, ಗುಳಿ ನೋಡಿದಳು, ಹೊಡೆದಳು. ಚೆಂಡು ಸದ್ದಿಲ್ಲದೆ ಎಣ್ಣೆಮರಳಿನ ಮೇಲೆ ಗೆರೆ ಎಳೆದುಕೊಂಡು ಹೋಗಿ ಗುಳಿಯೊಳಗೆ ಬಿತ್ತು. ಜನ ಚಪ್ಪಾಳೆ ಹೊಡೆದರು. ನೋಡಿ, ಮೋಸ ಮಾಡಿದರೂ ನನಗೆ ಸೋಲೇ.

ಚೆಂಡೆತ್ತಿಕೊಳ್ಳಲು ಬಗ್ಗಿದವಳು ಹಾಗೇ ನಿಂತಳು. ಅವಳ ಚೆಂಡು ಮೊದಲು ಬಿದ್ದಿದ್ದ ತಗ್ಗು ಆ ಕಡೆ ಇತ್ತು, ಹೊಡೆದ ಜಾಗದ ತಗ್ಗು ಈ ಕಡೆ. ಎರಡೂ ಸ್ಪಷ್ಟ. ಒಂದು ಗುಳಿಗೆ ಹತ್ತಿರ, ಒಂದು ದೂರ. ಹತ್ತು ವರ್ಷದಿಂದ ಅದೇ ಮರಳಿನಲ್ಲಿ ಬೆಳೆದವಳಿಗೆ ಅಳತೆಕೋಲು ಬೇಕಿರಲಿಲ್ಲ. ನನ್ನನ್ನು ನೋಡಿದಳು. ಅಂಥ ನೋಟವನ್ನು ನಾನು ಯಾವ ತೀರ್ಪುಗಾರರ ಮುಖದಲ್ಲೂ ಕಂಡಿಲ್ಲ. ಆಮೇಲೆ ಅಪ್ಪನ ಕೈಯಿಂದ ಹಲಗೆ ಇಸಿದುಕೊಂಡು ಮೊದಲು ಆ ತಗ್ಗು, ನಂತರ ಈ ತಗ್ಗು, ಎರಡನ್ನೂ ಎಳೆದು ಅಳಿಸಿದಳು. ನನ್ನ ಹತ್ತಿರ ಬಂದು ಕಾರ್ಡು ಮುಟ್ಟಿ ತೋರಿಸಿ ಅಂದಳು: "ದಂಡ ಎರಡು ಸೇರ್ಸು. ತಪ್ಪು ಜಾಗದಿಂದ ಹೊಡ್ದೆ."

ಗದ್ದಲವಾಯಿತು. ರಾಯರು ಬಂದು, ನನ್ನ ಕಡೆ ಕೈ ತೋರಿಸಿ, ಹಗ್ಗ ಶಾಲಿನಿ ಅಲ್ಲವೇನಮ್ಮ ಹಿಡಿದಿದ್ದು ಅಂತ ಕೇಳಿದರು. "ಅವ್ಳು ಸರಿಯಾಗೇ ತೋರ್ಸಿದ್ಲು ಸರ್. ನಾನೇ ಇಡೋವಾಗ ಆಚೆ ಈಚೆ ಮಾಡ್ದೆ" ಅಂದಳು. ತಗ್ಗುಗಳು ಇರಲಿಲ್ಲ, ನೋಡಿದವರಿರಲಿಲ್ಲ. ಆಡಿದವಳೇ ಹೇಳಿದ ಮೇಲೆ ಮುಗಿಯಿತು. ನನ್ನ ದುಂಡಗಿನ ಅಕ್ಷರದಲ್ಲಿ ಎರಡು ಸೇರಿಸಿದೆ. ಒಂದು ಮುಂದಿದ್ದವಳು ಒಂದು ಹಿಂದಾದಳು. ಕೊನೆಯ ಗುಳಿಯಲ್ಲಿ ಇಬ್ಬರದೂ ಸಮ. ಕಪ್ಪು ಹಲ್ಲಿನ ಡಾಕ್ಟರಿಗೆ ಹೋಯಿತು, ತರಬೇತಿಯೂ. ಅವರು ಅದಕ್ಕೆ ಹೋಗಲೇ ಇಲ್ಲ, ಕ್ಲಿನಿಕ್ಕು ಬಿಟ್ಟು ಹೋಗುವುದು ಆಗಲಿಲ್ಲವಂತೆ.

ಕ್ಲಬ್ಬಿನ ಹಿಂದಿನ ನಲ್ಲಿಯಲ್ಲಿ ಸೆಲ್ವಿ ಎಣ್ಣೆ ಕೈ ತೊಳೆಯುತ್ತಿದ್ದಳು. ನನಗೆ ತಡೆಯಲಾಗಲಿಲ್ಲ. ಹೋಗಿ, ಯಾಕೆ ಹೇಳಲಿಲ್ಲ ಅಂದೆ. ಕ್ಷಮೆ ಕೇಳಲು ಹೋದವಳು ಜಗಳಕ್ಕೆ ನಿಂತಿದ್ದೆ.

"ನಿನ್ ಜೊತೆ ವಾದ ಮಾಡಿ ಯಾರ್ ಗೆದ್ದಿದಾರೆ ಮಾರಾಯ್ತಿ" ಅಂದಳು, ತಲೆಯೆತ್ತದೆ. "ಇನ್ನೂ ಒಂದು ಗುಳಿ ಇತ್ತು. ನಿನ್ ಹತ್ರ ಬಾಯಿ ಹಚ್ಕೊಂಡು ನಿಂತಿದ್ರೆ ಅದೂ ಹಾಳಾಗ್ತಿತ್ತು."

ಸುಳ್ಳು ಯಾಕೆ ಹೇಳಿದೆ ಅಂತ ಕೇಳಿದೆ. ಸೋಪು ಕೆಳಗಿಟ್ಟಳು. ಕಣ್ಣು ಕೆಂಪಗಿತ್ತು.

"ಮಾಮ ಅಲ್ಲೇ ನಿಂತಿದ್ರು. ನಿನ್ನ ಮಾನ ಕಾಪಾಡೋಕೆ ಅಂದ್ಕೋಬೇಡ. ಸ್ವಲ್ಪ ದಿನ ನನ್ ಕಣ್ಣಿಗೆ ಬೀಳ್ಬೇಡ, ಶಾಲಿ."

ಮಳೆಗಾಲ ಹಿಡಿಯುವವರೆಗೂ ಅವಳು ನಮ್ಮ ಗೇಟಿನಲ್ಲಿ ಕೂಗಲಿಲ್ಲ. ಅಪ್ಪನ ಟೀ ಪೂರ್ತಿ ಖಾಲಿಯಾಗುತ್ತಿತ್ತು. ನಾನು ಬಯಸಿದ್ದೂ ಅದನ್ನೇ ಅಲ್ಲವೇ? ಕಪ್ಪಿನ ಮರುದಿನ ಬೆಳಗ್ಗೆ ಅಪ್ಪ ಜಗುಲಿಯಲ್ಲಿ ಹಗ್ಗ ಹರಡಿಕೊಂಡು, ಮೊಣಕೈಯಿಂದ ಬೆರಳ ತುದಿಯವರೆಗೆ ಅಳೆದು ಅಳೆದು, ಮೊಳಕ್ಕೊಂದರಂತೆ ಗಂಟು ಹಾಕುತ್ತಿದ್ದರು. ಯಾಕಪ್ಪ ಅಂದೆ.

"ಕೈ ಜಾರಬಾರ್ದಲ್ಲ" ಅಂದರು.

ಕಣ್ಣು ಮುಚ್ಚಿದ್ದವರಿಗೆ ಹೇಗೆ ತಿಳಿಯಿತೋ ಗೊತ್ತಿಲ್ಲ. ಸೆಲ್ವಿ ಅಳಿಸುವ ಮೊದಲು ತಗ್ಗುಗಳನ್ನು ನೋಡಿದ್ದರೋ, ನನ್ನ ಮುಖ ನೋಡಿದರೋ. ಬೈದಿದ್ದರೆ ಮುಗಿಯುತ್ತಿತ್ತು. ಅವರಿಬ್ಬರ ನಡುವೆ ಆಡದ ಮಾತೊಂದು ಇತ್ತು, ಅದು ನನ್ನ ಬಗ್ಗೆಯೇ ಇತ್ತು, ಅದರೊಳಗೂ ನನಗೆ ಜಾಗವಿರಲಿಲ್ಲ.

ಕತೆ ಹಬ್ಬತೊಡಗಿದ್ದು ಜೂನ್ ಹೊತ್ತಿಗೆ. ಒಂದು ದಿನ ಶಿವಮೊಗ್ಗದ ಬಸ್ಸಿನಲ್ಲಿ ಪಕ್ಕ ಕೂತ ಹೆಂಗಸು, ನನ್ನ ಡಬ್ಬದ ವಾಸನೆಗೆ ಮೂಗು ಮುಚ್ಚಿಕೊಂಡವರು, ಅದು ಗಾಲ್ಫ್ ಮೈದಾನಕ್ಕೆ ಅಂದಕೂಡಲೇ ಮುಖ ಅರಳಿಸಿ, ಆ ಹುಡುಗಿ ಗೊತ್ತಾ ನಿಮಗೆ, ಗೆದ್ದ ಕಪ್ಪನ್ನೇ ಬಿಟ್ಟುಕೊಟ್ಟಳಂತಲ್ಲ ಅಂದರು. ಅವರ ಕತೆಯಲ್ಲಿ ಸೆಲ್ವಿ ಮೂರು ಹೊಡೆತ ಮುಂದಿದ್ದಳು. ಗಾಳಿಗೆ ಚೆಂಡು ಕೂದಲೆಳೆಯಷ್ಟು ಅಲುಗಿತ್ತು. ಎಂಟನೇ ಗುಳಿಯಲ್ಲ, ಕೊನೆಯದೇ. ಒಂದೊಂದನ್ನೂ ತಿದ್ದಬೇಕೆಂದು ಬಾಯಿ ತುರಿಸಿತು. ತಿದ್ದಿದರೆ ನಿಜ ಹೇಳಬೇಕು. ನಿಜ ಹೇಳಿದರೆ ಅವಳು ಕಪ್ಪು ಬಿಟ್ಟುಕೊಟ್ಟವಳಷ್ಟೇ ಆಗಿರುವುದಿಲ್ಲ, ಮೋಸ ಮಾಡಿದವಳನ್ನು ಬಿಟ್ಟುಕೊಡದವಳೂ ಆಗುತ್ತಾಳೆ. ಇನ್ನೂ ಎರಡು ಮೊಳ ಎತ್ತರಕ್ಕೆ ಹೋಗುತ್ತಾಳೆ. ಬಾಯಿ ಮುಚ್ಚಿಕೊಂಡು ಡಬ್ಬ ಹಿಡಿದು ಕೂತೆ. ನಾಚಿಕೆಯಿಂದ ಸುಮ್ಮನಿದ್ದೆ ಎಂದು ಹೇಳಿದರೆ ಚೆನ್ನಾಗಿರುತ್ತದೆ, ಆದರೆ ಹೊಟ್ಟೆಕಿಚ್ಚಿನಿಂದ ಸುಮ್ಮನಿದ್ದೆ.

ನನ್ನ ಬಳಿ ಒಳ್ಳೆಯ ವಾದಗಳಿದ್ದವು, ಈಗಲೂ ಇವೆ. ಪ್ರಾಮಾಣಿಕತೆಗೆ ಹೆಸರಾದವಳ ಕತೆ ನಿಂತಿರುವುದು ಒಂದು ಸುಳ್ಳಿನ ಮೇಲೆ. ನಾನು ಬೆರಳು ಸರಿಸದಿದ್ದರೆ ಅವಳು ಹಲಗೆಯ ಮೇಲೆ ಒಂದು ಹೆಸರಾಗುತ್ತಿದ್ದಳು, ಅಷ್ಟೇ. ದಂತಕಥೆಯಾದದ್ದರಲ್ಲಿ ಅರ್ಧ ಪಾಲು ನನ್ನದು. ಹಲಗೆಯ ಮೇಲೆ ಹೊಸದಾಗಿ ಬರೆದ ಡಾಕ್ಟರ ಹೆಸರನ್ನು ಕಾಲೊನಿಯಲ್ಲಿ ಯಾರನ್ನು ಕೇಳಿದರೂ ಗೊತ್ತಿಲ್ಲ, ಹಾಗಾಗಿ ನನ್ನ ಟ್ರೋಫಿಯ ವಾದವೇ ಬಿದ್ದುಹೋಯಿತು ಅನ್ನುವುದನ್ನೂ ಒಪ್ಪುತ್ತೇನೆ. ಯಾರೂ ಕಾಣದ ಕಡೆ ಆಡುವ ಆಟದಲ್ಲಿ ಜನ ಗೆಲುವನ್ನು ನೆನಪಿಡುವುದಿಲ್ಲ. ಕಾಣದಿದ್ದಾಗ ಏನು ಮಾಡಿದರು ಅನ್ನುವುದನ್ನು ಹೇಗೋ ಮೂಸಿ ಹಿಡಿದು, ಅದನ್ನು ಇಟ್ಟುಕೊಳ್ಳುತ್ತಾರೆ. ಆದರೆ ಕತೆ ಹೇಳುವವರು ಒಂದನ್ನು ಹೇಳುವುದಿಲ್ಲ. ಸೆಲ್ವಿ ಇವತ್ತಿನವರೆಗೂ ಹುಲ್ಲಿನ ಮೇಲೆ ಆಡಿಲ್ಲ. ಶಿವಮೊಗ್ಗದ ಒಂದು ಶಾಲೆಯಲ್ಲಿ ಪೀಟಿ ಟೀಚರು. ದಂತಕಥೆಗೆ ಬಸ್ ಚಾರ್ಜು ಯಾರೂ ಕೊಡುವುದಿಲ್ಲ.

ಮುಜೀಬಣ್ಣ ಕೊಟ್ಟ ಡಬ್ಬವನ್ನು ಸ್ಕೂಟರಿನ ಕಾಲ ಬಳಿ ಇಟ್ಟುಕೊಂಡು ಭಾನುವಾರ ಭದ್ರಾವತಿಗೆ ಹೋದೆ. ಅಪ್ಪ ಮನೆಯಲ್ಲಿರಲಿಲ್ಲ. ಮೈದಾನಕ್ಕೆ ಹೋದರೆ ಎಂಟನೇ ಬ್ರೌನಿನಲ್ಲಿದ್ದರು. ಭಾನುವಾರಗಳಂದು ಸೆಲ್ವಿ ತನ್ನ ಶಾಲೆಯ ನಾಲ್ಕು ಹುಡುಗಿಯರನ್ನು ಕರೆತಂದು ಆಡಿಸುತ್ತಾಳೆಂದು ಕೇಳಿದ್ದೆ, ನೋಡಿರಲಿಲ್ಲ. ಅಪ್ಪ ಡಬ್ಬದ ಮುಚ್ಚಳ ತೆಗೆದು ಮೂಸಿ, ತೆಳ್ಳಗಿದೆ, ಪರವಾಗಿಲ್ಲ ಅಂದರು. ಮರಳಿಗೆ ಸುರಿದು ಕಲಸಿ ಹಲಗೆ ಎಳೆಯತೊಡಗಿದರು. ಸೆಲ್ವಿ ನನ್ನನ್ನು ನೋಡಿ ಹಗ್ಗದ ತುದಿಯನ್ನು ನನ್ನ ಕಡೆ ಎಸೆದಳು.

"ಸುಮ್ನೆ ಯಾಕೆ ನಿಂತಿದೀಯ? ಹಿಡ್ಕೋ."

ಹಗ್ಗ ಹಿಡಿದೆ. ಎರಡು ವರ್ಷದಲ್ಲಿ ಗಂಟುಗಳು ಎಣ್ಣೆ ಕುಡಿದು ಕಲ್ಲಾಗಿದ್ದವು. ನಾಲ್ವರಲ್ಲಿ ಎಲ್ಲರಿಗಿಂತ ಚಿಕ್ಕವಳು, ಎರಡು ಜಡೆಯವಳು, ಇದೇ ಗುಳಿನಾ ಮಿಸ್ ಅದು, ಅಂದಳು. ಹೂಂ ಅಂದಳು ಸೆಲ್ವಿ. "ತಪ್ಪು ಜಾಗ ಹೆಂಗಾಯ್ತು ಮಿಸ್? ಹಗ್ಗ ಇತ್ತಲ್ಲ?"

"ನಾನೇ ಸರಿಯಾಗಿ ಇಡ್ಲಿಲ್ಲ" ಅಂದಳು ಸೆಲ್ವಿ. ಎರಡು ವರ್ಷದ ಅಭ್ಯಾಸವಾಗಿ ಹೋಗಿತ್ತು ಆ ಸುಳ್ಳು, ನಾಲಿಗೆ ತೊಡರಲೂ ಇಲ್ಲ.

"ಅವ್ಳಲ್ಲ" ಅಂದೆ. "ಹಗ್ಗ ಹಿಡಿದಿದ್ದು ನಾನು. ಬೇಕಂತಲೇ ತಪ್ಪು ಜಾಗ ತೋರ್ಸ್ದೆ."

ಮರಳು ಎಳೆಯುತ್ತಿದ್ದ ಅಪ್ಪನ ಹಲಗೆ ನಿಂತಿತು. ನಾನು ಆ ಕಡೆ ತಿರುಗಲಿಲ್ಲ. ವೇದಿಕೆಯ ಮೇಲೆ ಒಂದು ಮಾತಾಡಿದ ಮೇಲೆ ಸಭೆಯಲ್ಲಿ ಏನಾದರೂ ಆಗುತ್ತದೆ, ಚಪ್ಪಾಳೆಯೋ ಗುಸುಗುಸುವೋ. ಇಲ್ಲಿ ಏನೂ ಆಗಲಿಲ್ಲ. ಅಪ್ಪ ಹತ್ತು ವರ್ಷದ ನನಗೆ ಸರಿಯಾಗಿಯೇ ಹೇಳಿದ್ದರು. ಸ್ವಲ್ಪ ಹೊತ್ತಿನ ಮೇಲೆ ಹಲಗೆ ಮತ್ತೆ ಎಳೆಯುವ ಸದ್ದು ಕೇಳಿತು.

ಎರಡು ಜಡೆಯವಳು ಮಾತ್ರ ಹುಬ್ಬು ಗಂಟಿಕ್ಕಿ ನನ್ನನ್ನು ನೋಡುತ್ತಿದ್ದಳು. ವಾದದಲ್ಲಿ ನನ್ನ ಜಾತಿಯವಳು ಅನ್ನಿಸಿತು, ಬಿಡುವವಳಲ್ಲ.

"ಎಷ್ಟು ಸರ್ಸಿದ್ರಿ ಆಂಟಿ?"

"ಒಂದೂವರೆ ಮೊಳ."

ಸೆಲ್ವಿ ಚೆಂಡು ಒರೆಸುತ್ತಿದ್ದವಳು ತಲೆಯೆತ್ತಿದಳು. "ಎರಡು" ಅಂದಳು. "ಹೇಳೋದಾದ್ರೆ ಸರಿಯಾಗಿ ಹೇಳು."

ಕೈಯಲ್ಲಿದ್ದ ಹಗ್ಗ ನೋಡಿದೆ. ನಾಲ್ಕನೇ ಗಂಟು, ಐದನೇ ಗಂಟು, ಆರನೆಯದು. ಅವತ್ತು ನನ್ನ ಬೆರಳು ಎಲ್ಲಿ ನಿಂತಿತ್ತು ಅನ್ನುವುದು ಬೆರಳಿಗೇ ಗೊತ್ತಿತ್ತು. ಇದರಲ್ಲೂ ಅವಳದೇ ಸರಿ. ಅದಕ್ಕೂ ನನಗೆ ಹೊಟ್ಟೆ ಉರಿಯಿತು. ಮೇಲೆ ಒಂದೂವರೆ ಎಂದು ಬರೆದಿದ್ದೇನೆ. ಎರಡು ಎಂದು ಓದಿಕೊಳ್ಳಿ.